ಬಾಟಲಿಗೆ ನಾಲ್ಕು ಕಾಯಿ

ಯೋರ್ಡಿಸ್ ಎನ್‌ಸ್ಟ್ರೋಮ್ ಮೂವತ್ತೊಂದು ವರ್ಷ ನಮ್ಮೂರ ಶಾಲೆಯಲ್ಲಿ ಅಡುಗೆ ಮಾಡಿದಳು. ಊಟದ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ಅವಳು ಅದರ ಮೇಲೆ ವಾರದ ಊಟವನ್ನು ಬರೆಯುತ್ತಿದ್ದಳು. ದುಂಡಗಿನ, ಬಿಡಿಬಿಡಿಯಾದ ಅಕ್ಷರ. ನಾನು ಓದಲು ಕಲಿತದ್ದು ಆ ಹಲಗೆಯಿಂದಲೇ. ಹಸಿದ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ.

ಮಂಗಳವಾರ ಗುಲಾಬಿಕಾಯಿ ಸೂಪು. ನಮ್ಮ ಗೊಟ್‌ಲ್ಯಾಂಡ್ ದ್ವೀಪದಲ್ಲಿ ಕಲ್ಲಿನ ಬೇಲಿ ಇರುವಲ್ಲೆಲ್ಲ ಕಾಡುಗುಲಾಬಿ ಇರುತ್ತದೆ. ಎಸಳು ಉದುರಿದ ಮೇಲೆ ಬೆರಳ ತುದಿಯಷ್ಟು ದಪ್ಪದ ಕೆಂಪು ಕಾಯಿ ಕಟ್ಟುತ್ತದೆ. ಅದನ್ನು ಒಣಗಿಸಿ, ಕುದಿಸಿ, ಸೋಸಿ, ಸಕ್ಕರೆ ಹಾಕಿ ಮಂದವಾದ ಸೂಪು ಮಾಡುತ್ತಾರೆ. ಯೋರ್ಡಿಸ್ ಮಾಡಿದ ಸೂಪಿಗೆ ಹುಡುಗರು ಮೂರು ಸಲ ತಟ್ಟೆ ಚಾಚುತ್ತಿದ್ದರು.

ಒಂದು ವರ್ಷ ಪಟ್ಟಣದಿಂದ ಆದೇಶ ಬಂತು. ಇನ್ನು ಮುಂದೆ ಕಾಯಿ ಕುದಿಸುವಂತಿಲ್ಲ, ಪೊಟ್ಟಣದ ಪುಡಿಗೆ ಬಿಸಿನೀರು ಹಾಕಿದರೆ ಸಾಕು. ಯೋರ್ಡಿಸ್ ಆದೇಶದಂತೆಯೇ ನಡೆದಳು. ಆದರೆ ಹಲಗೆಯ ಮೇಲೆ ಹೀಗೆ ಬರೆದಳು: ‘ಮಂಗಳವಾರ, ಗುಲಾಬಿಕಾಯಿ ಸೂಪು, ಪೊಟ್ಟಣದ್ದು.’

ಮುಖ್ಯೋಪಾಧ್ಯಾಯ ಅಡುಗೆಮನೆಗೇ ಬಂದ. ಊಟ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ನಾವೆಲ್ಲ ಕೇಳಿಸಿಕೊಂಡೆವು.

“ಪೊಟ್ಟಣದ್ದು ಅಂತ ಯಾಕೆ ಬರೀತೀಯ ಯೋರ್ಡಿಸ್? ಮಕ್ಕಳು ಮನೇಲಿ ಹೋಗಿ ಹೇಳ್ತಾರೆ.”

“ಹೇಳ್ಲಿ. ಪೊಟ್ಟಣದ್ದೇ ಅಲ್ವಾ?”

“ರುಚಿ ಹೆಚ್ಚುಕಮ್ಮಿ ಅದೇ ಇದೆ.”

“ಅದೇ ಇದ್ರೆ ಬರೆಯೋಕೆ ಭಯ ಯಾಕೆ?”

ಅವನು ಆ ಒಂದು ಪದವನ್ನು ತೋಳಿನಿಂದ ಒರೆಸಿಹೋದ. ಅವನು ಬಾಗಿಲು ದಾಟುವ ಮೊದಲೇ ಅವಳು ಮತ್ತೆ ಬರೆದಳು. ಚಳಿಗಾಲ ಪೂರ್ತಿ ಹೀಗೇ ನಡೆಯಿತು. ಅವನ ಕೋಟಿನ ಬಲತೋಳು ಯಾವಾಗಲೂ ಬಿಳಿಯಾಗಿರುತ್ತಿತ್ತು. ವಸಂತ ಬರುವ ಹೊತ್ತಿಗೆ ಒರೆಸುವುದನ್ನು ಬಿಟ್ಟ. ಯೋರ್ಡಿಸ್ ಎಂಥವಳು ಎಂದು ತಿಳಿಯಲು ಇಷ್ಟು ಸಾಕು. ಇದನ್ನು ತಿಳಿದೂ ಅವಳ ಹೆಸರಿನಲ್ಲಿ ಸುಳ್ಳು ಮಾರಬಹುದು ಎಂದುಕೊಂಡವರ ಧೈರ್ಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಸುಳ್ಳಿನಲ್ಲಿ ನನಗೂ ಪಾಲಿತ್ತು ಎಂಬುದಕ್ಕೆ ಇನ್ನೂ ಹೆಚ್ಚು ಸಿಟ್ಟು.

*

ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಪೂರ್ತಿಯಾಗಿ ಗುಲಾಬಿಕಾಯಿಗೆ ಇಳಿದಳು. ಮನೆಯಲ್ಲಿ ಅವಳು, ಅವಳ ತಮ್ಮ ಅಲ್ವಾರ್ ಇಬ್ಬರೇ. ಮನೆಯ ಹಿಂದೆ ಅವರ ಅಜ್ಜ ಮನೆಯಲ್ಲೇ ಮಾಡುವ ಬಿಯರಿಗೆ ಬಾರ್ಲಿ ಒಣಗಿಸುತ್ತಿದ್ದ ಕಲ್ಲಿನ ಕೋಣೆ ಇತ್ತು. ಅದರ ಜಾಲರಿ ತಟ್ಟೆಗಳನ್ನು ತಿಕ್ಕಿ ತೊಳೆದು ಮತ್ತೆ ಬಳಕೆಗೆ ತಂದಳು.

ನಮ್ಮೂರಲ್ಲಿ ಎಲ್ಲರೂ ಮೊದಲ ಹಿಮ ಬಿದ್ದ ಮೇಲೆ ಕಾಯಿ ಕೀಳುತ್ತಾರೆ. ಹಿಮ ತಾಗಿದರೆ ಕಾಯಿ ಮೆತ್ತಗಾಗಿ ಸಿಹಿಯಾಗುತ್ತದೆ, ಕೀಳುವುದೂ ಸುಲಭ. ಯೋರ್ಡಿಸ್ ಮಾತ್ರ ಹಿಮಕ್ಕೆ ಮೊದಲೇ, ಕಾಯಿ ಇನ್ನೂ ಗಟ್ಟಿಯಾಗಿರುವಾಗ ಕೀಳುತ್ತಿದ್ದಳು.

“ಮೆತ್ತಗಾಯ್ತು ಅಂದ್ರೆ ಸಿ ವಿಟಮಿನ್ ಹೋಯ್ತು ಅಂತ ಲೆಕ್ಕ. ಸಿಹಿ ಬೇಕಾದ್ರೆ ಸಕ್ಕರೆ ಡಬ್ಬ ಇದೆಯಲ್ಲ” ಎನ್ನುತ್ತಿದ್ದಳು. ಅದನ್ನು ಅವಳಿಗೆ ಹೇಳಿಕೊಟ್ಟವಳು ಅವಳ ತಾಯಿ. ಯುದ್ಧದ ವರ್ಷಗಳಲ್ಲಿ ದ್ವೀಪಕ್ಕೆ ಕಿತ್ತಳೆ ಬರುವುದು ನಿಂತಾಗ ಇಡೀ ಊರಿನ ಹೆಂಗಸರು ಬೇಲಿ ಬೇಲಿ ಸುತ್ತಿ ಕಾಯಿ ಕಿತ್ತಿದ್ದರಂತೆ.

ಗಟ್ಟಿ ಕಾಯಿ ಕೀಳುವಾಗ ಮುಳ್ಳು ಚುಚ್ಚುತ್ತದೆ. ಅವಳು ಕೈಗವಸು ಹಾಕುತ್ತಿರಲಿಲ್ಲ. ಹಾಕಿದರೆ ಕಾಯಿ ಹಣ್ಣಾಗಿದೆಯೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಕಿತ್ತದ್ದನ್ನು ಅದೇ ದಿನ ಸೀಳಿ, ಚಿಕ್ಕ ಚಮಚದಿಂದ ಬೀಜ, ರೋಮ ಎಲ್ಲ ಕೆರೆದು ತೆಗೆಯಬೇಕು. ಆ ರೋಮ ಮೈಗೆ ತಾಗಿದರೆ ತುರಿಕೆ. ಶಾಲೆಯ ಹುಡುಗರು ಒಬ್ಬರ ಕಾಲರಿಗೆ ಇನ್ನೊಬ್ಬರು ಹಾಕುತ್ತಿದ್ದದ್ದು ಅದನ್ನೇ. ಆಮೇಲೆ ಮಂದ ಬೆಂಕಿಯಲ್ಲಿ ಬೇಗ ಒಣಗಿಸಿ, ಬೆಳಕು ಬೀಳದ ತಗಡಿನ ಡಬ್ಬದಲ್ಲಿ ತುಂಬಿಡಬೇಕು. ಕೋಣೆ ಎಷ್ಟು ಬಿಸಿಯಾಗಿದೆ ಎಂದು ನೋಡಲು ಅವಳು ಮುಂಗೈಯ ಒಳಭಾಗವನ್ನು ತಟ್ಟೆಯ ಮೇಲೆ ಹಿಡಿಯುತ್ತಿದ್ದಳು, ಎಳೆಮಗುವಿನ ಹಾಲು ನೋಡುವ ಹಾಗೆ.

“ಅಕ್ಕಂಗೆ ಮದುವೆ ಆಗಿದ್ರೆ ಗಂಡನ್ನೂ ಸೀಳಿ ರೋಮ ತೆಗೆದು ಒಣಗಿಸ್ತಿದ್ಲು” ಎಂದು ಅಲ್ವಾರ್ ನಗುತ್ತಿದ್ದ. ದಿನಕ್ಕೆ ಎಂಟು ತಾಸು ಅವಳ ಪಕ್ಕದಲ್ಲೇ ಕೂತು ಕೆರೆಯುತ್ತಿದ್ದವನೂ ಅವನೇ.

*

ತೂರೆ ವಾಲಿನ್ ನಮ್ಮೂರವನೇ. ಮಂಗಳವಾರ ಮೂರು ಸಲ ತಟ್ಟೆ ಚಾಚುತ್ತಿದ್ದವರಲ್ಲಿ ಮೊದಲಿಗ. ಅವನು ವಿಸ್ಬಿ ಪಟ್ಟಣದಲ್ಲಿ ವಿಟಮಿನ್ ಮಾರುವ ಕಂಪನಿ ಶುರುಮಾಡಿದಾಗ ಮೊದಲು ಬಂದದ್ದು ಯೋರ್ಡಿಸಳ ಬಾಗಿಲಿಗೆ. ಮೊದಲ ವರ್ಷ ಅವನು ಮೂವತ್ತು ಕಿಲೋ ಒಣಕಾಯಿ ಕೊಂಡ, ಬೀಸಿಸಿದ, ಕಾಗದದ ಚೀಲದಲ್ಲಿ ತುಂಬಿಸಿದ. ಮೇಲೆ ‘ಯೋರ್ಡಿಸಳ ಗುಲಾಬಿಕಾಯಿ’ ಎಂದು ಹೆಸರು, ಕೆಳಗೆ ಮಡಿಲಲ್ಲಿ ಕಾಯಿ ಹಿಡಿದ ಅವಳ ಎರಡು ಕೈಗಳ ಚಿತ್ರ. ಎಡ ಹೆಬ್ಬೆರಳಿನ ಮೇಲೆ ಉದ್ದನೆಯ ಗಾಯದ ಗುರುತು. ಶಾಲೆಯ ಬ್ರೆಡ್ ಕತ್ತರಿಸುವ ಯಂತ್ರ ಕೊಟ್ಟದ್ದು ಅದು. ಐದು ವರ್ಷ ಹೆಸರನ್ನೂ ಚಿತ್ರವನ್ನೂ ಬಳಸಿಕೊಳ್ಳಬಹುದು ಎಂದು ಅವಳು ಸಹಿ ಹಾಕಿದಳು. ಚೀಲದಲ್ಲಿ ಇದ್ದದ್ದು ಅವಳ ಕಾಯಿ, ಬರೆದದ್ದೂ ಅದನ್ನೇ. ತಪ್ಪೇನೂ ಇರಲಿಲ್ಲ.

ಎರಡನೇ ವರ್ಷ ನಾನು ಆ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದೆ. ನನ್ನ ಅಪ್ಪ ಕುರಿ ಸಾಕುವವನು. ನಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮಗಳು ಓದಿದ ಊರಲ್ಲೇ ಉಳಿಯದೆ ದ್ವೀಪಕ್ಕೆ ಮರಳಿದಳು, ಓದಿದ್ದಕ್ಕೆ ತಕ್ಕ ಕೆಲಸ ಸಿಕ್ಕಿತು ಎಂದು ಅಪ್ಪ ದೊಡ್ಡಿಯ ಬೇಲಿ ಹಾಯ್ದುಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದ.

ಆ ವರ್ಷವೇ ಚೀಲ ಹೋಗಿ ಬಾಟಲಿ ಬಂತು. ತೊಂಬತ್ತು ಗುಳಿಗೆ. ಹೆಸರು ಅದೇ, ಕೈ ಅದೇ. ಕೆಳಗೆ ಹೊಸದಾಗಿ ಒಂದು ಸಾಲು: ‘ಗುಲಾಬಿಕಾಯಿಯಿಂದ ಸಿ ವಿಟಮಿನ್, ಐನೂರು ಮಿಲಿಗ್ರಾಂ.’

ನನ್ನ ಕೆಲಸ ಗುಳಿಗೆಯಲ್ಲಿ ಸಿ ಎಷ್ಟಿದೆ ಎಂದು ಅಳೆಯುವುದು. ಅಳೆದೆ, ಐನೂರು ಇತ್ತು. ಸಹಿ ಹಾಕಿದೆ. ಎಲ್ಲಿಂದ ಬಂತು ಎಂದು ನನ್ನ ಯಂತ್ರ ಹೇಳುವುದಿಲ್ಲ, ಯಾರೂ ಕೇಳಲೂ ಇಲ್ಲ. ಆದರೆ ನನಗೆ ಕಣ್ಣಿತ್ತು. ಗೋದಾಮಿನಲ್ಲಿ ಇಪ್ಪತ್ತೈದು ಕಿಲೋದ ಬಿಳಿ ಪುಡಿಯ ಚೀಲಗಳು ಎದೆಯೆತ್ತರ ಪೇರಿಸಿದ್ದವು, ಹೊರದೇಶದ ಕಾರ್ಖಾನೆಯಲ್ಲಿ ಸಕ್ಕರೆಯಿಂದ ಮಾಡಿದ ಸಿ. ಯೋರ್ಡಿಸಳ ಡಬ್ಬಗಳು ಮೂಲೆಯಲ್ಲಿದ್ದವು. ಬೆರಕೆಯ ಪಟ್ಟಿ ಗೋಡೆಗೇ ಅಂಟಿಸಿತ್ತು. ದಿನವೂ ಅದರ ಮುಂದೆ ನಿಂತು ಕೈತೊಳೆಯುತ್ತಿದ್ದೆ.

ತೂರೆ ಎರಡನೇ ವರ್ಷ ಅವಳಿಂದ ಇಪ್ಪತ್ತು ಕಿಲೋ ಮಾತ್ರ ಕೊಂಡ. ಮೂರನೇ ವರ್ಷ ಹನ್ನೆರಡು.

“ನಿಂಗೂ ಎಪ್ಪತ್ತು ದಾಟ್ತು ಯೋರ್ಡಿಸ್, ಜಾಸ್ತಿ ಕಷ್ಟ ಕೊಡಬಾರ್ದು ಅಂತ” ಎಂದನಂತೆ.

ಅವಳು ಅದನ್ನು ನಂಬಿದಳು. “ಪರವಾಗಿಲ್ಲ, ಹುಡುಗ ಬುದ್ಧಿವಂತ, ವಯಸ್ಸಾದೋರನ್ನ ನೋಡ್ಕೊಳ್ತಾನೆ” ಎಂದು ನನ್ನ ಹತ್ತಿರವೇ ಹೇಳಿದಳು. ನಾನು ಕಾಫಿ ಬಟ್ಟಲಿನಲ್ಲಿ ಮುಖ ಇಟ್ಟುಕೊಂಡು ಸುಮ್ಮನಿದ್ದೆ.

*

ಆ ಮೂರನೇ ಕೊಯ್ಲಿನ ನಂತರದ ಫೆಬ್ರವರಿಯಲ್ಲಿ, ಒಂದು ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿಗೆ ಕೂತಿದ್ದರು. ಒಬ್ಬರಾದ ಮೇಲೆ ಒಬ್ಬರು ಯೋರ್ಡಿಸಳ ಮೇಜಿಗೆ ಬಂದರು. ಅವಳ ಸೂಪು ಕುಡಿದು ಬೆಳೆದವರು, ಅವರ ಅಪ್ಪ ಅಮ್ಮಂದಿರು.

“ನಿನ್ನ ಗುಳಿಗೇನೇ ತಗೊಳ್ತಾ ಇದ್ದೀನಿ ಯೋರ್ಡಿಸ್. ಕಾರ್ಖಾನೆ ಮಾಲು ಬೇಡ ಅಂತ ಅದನ್ನ ಎಸೆದುಬಿಟ್ಟೆ.”

“ನಂ ಅಮ್ಮಂಗೂ ತಂದುಕೊಟ್ಟೆ. ನಿನ್ನ ಹೆಸರು ನೋಡಿದ್ಲು, ಮತ್ತೇನೂ ಓದಲಿಲ್ಲ.”

ಯೋರ್ಡಿಸಳಿಗೆ ಖುಷಿಯಾಯಿತು. ಆದರೆ ಅವಳು ಅಡುಗೆಯವಳು. ಇನ್ನೂರು ಮಕ್ಕಳಿಗೆ ಎಷ್ಟು ಕಿಲೋ ಆಲೂಗಡ್ಡೆ ಎಂದು ಮೂವತ್ತೊಂದು ವರ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದವಳು. ಹನ್ನೆರಡು ಕಿಲೋ ಕಾಯಿ ಇಷ್ಟೊಂದು ಜನಕ್ಕೆ ಹೇಗೆ ಸಾಲುತ್ತದೆ ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಮರುದಿನ ಮಧ್ಯಾಹ್ನ ನನಗೆ ಕರೆ ಮಾಡಿದಳು.

“ತೋರಾ, ಕೆಲಸ ಮುಗಿಸಿ ಬಾ. ಬನ್ನು ಮಾಡಿದ್ದೀನಿ.”

ಹೋದಾಗ ಬನ್ನು ಇರಲಿಲ್ಲ. ಮೇಜಿನ ಮೇಲೆ ಅಡುಗೆಮನೆಯ ತಕ್ಕಡಿ, ಪಕ್ಕದಲ್ಲಿ ಒಂದು ಬಾಟಲಿ, ಒಂದು ತಗಡಿನ ಡಬ್ಬ. ಅಲ್ವಾರ್ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದ.

“ಕೂತ್ಕೋ” ಎಂದಳು. ಹತ್ತು ಗುಳಿಗೆ ಎಣಿಸಿ ತಕ್ಕಡಿಗೆ ಹಾಕಿದಳು. “ಎಷ್ಟು ತೋರಿಸ್ತಿದೆ?”

“ಹತ್ತು ಗ್ರಾಂ.”

“ಅಂದ್ರೆ ಒಂದಕ್ಕೆ ಒಂದು ಗ್ರಾಂ. ಅದರಲ್ಲಿ ಅರ್ಧ ಗ್ರಾಂ ಸಿ ಅಂತ ಬರ್ದಿದ್ದಾರೆ. ಈಗ ನೀನು ಓದಿದೋಳು, ಹೇಳು. ನನ್ನ ಒಣಕಾಯಿ ನೂರು ಗ್ರಾಂ ತಗೊಂಡ್ರೆ ಅದರಲ್ಲಿ ಸಿ ಎಷ್ಟಿರುತ್ತೆ?”

“ಒಂದು ಗ್ರಾಂ. ಒಳ್ಳೆ ವರ್ಷ ಆದ್ರೆ ಒಂದೂವರೆ.”

“ಆಯ್ತು. ಅರ್ಧ ಗ್ರಾಂ ಬೇಕಾದ್ರೆ ಐವತ್ತು ಗ್ರಾಂ ಕಾಯಿ.” ಅವಳು ಡಬ್ಬ ತೆರೆದು ಐವತ್ತು ಗ್ರಾಂ ಅಳೆದು ಸೂಪಿನ ಬಟ್ಟಲಿಗೆ ಸುರಿದಳು. ಬಟ್ಟಲು ತುಂಬಿತು. ಅದರ ಪಕ್ಕದಲ್ಲಿ ಒಂದು ಗುಳಿಗೆ ಇಟ್ಟಳು. “ಇಷ್ಟನ್ನ ಇದರೊಳಗೆ ಹೇಗೆ ತುರುಕಿದ್ರಿ, ತೋರಿಸ್ಕೊಡು. ನಾನೂ ಕಲೀತೀನಿ.”

ನಾನು ಡಬ್ಬದ ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿದೆ.

“ಬೆರಕೆ ಪಟ್ಟಿಯಲ್ಲಿ ಎಷ್ಟಿದೆ ತೋರಾ?”

“ಗುಳಿಗೆಗೆ ಇಪ್ಪತ್ತು ಮಿಲಿಗ್ರಾಂ ಕಾಯಿಪುಡಿ.”

ಅವಳ ತುಟಿಗಳು ಅಲುಗಿದವು. ಲೆಕ್ಕ ಹಾಕುತ್ತಿದ್ದಳು. “ತೊಂಬತ್ತು ಗುಳಿಗೆಗೆ ಎರಡು ಗ್ರಾಮೂ ಇಲ್ಲ. ನಾಲ್ಕು ಕಾಯಿ. ಒಂದು ಬಾಟಲಿಗೆ ನಾಲ್ಕು ಕಾಯಿ!”

“ಹೌದು.”

“ಹನ್ನೆರಡು ಕಿಲೋಗೆ ಆರೂವರೆ ಸಾವಿರ ಬಾಟಲಿ. ಅಯ್ಯೋ ದೇವರೇ, ಅದಕ್ಕೇ ನನ್ನ ವಯಸ್ಸಿನ ಮೇಲೆ ಅವನಿಗೆ ಕರುಣೆ ಬಂತು.” ಅವಳು ನಕ್ಕಳು. ಅದು ನಗು ಅಲ್ಲ ಎಂದು ಗೊತ್ತಾಗಿ ಅಲ್ವಾರ್ ತಿರುಗಿ ನೋಡಿದ. “ಆ ನಾಲ್ಕು ಕಾಯಿಂದ ಸಿ ಎಷ್ಟು ಬರುತ್ತೆ?”

“ಒಂದು ಗುಳಿಗೆಯ ಐನೂರು ಮಿಲಿಗ್ರಾಮಲ್ಲಿ ಒಂದು ಮಿಲಿಗ್ರಾಮಿನ ಐದನೇ ಒಂದು ಭಾಗ. ಉಳಿದದ್ದು ಬಿಳಿ ಪುಡಿ.”

“ಅದು ಕೆಟ್ಟದ್ದಾ?”

ಇಲ್ಲಿ ನಾನು ನಿಜವನ್ನೇ ಹೇಳಬೇಕಿತ್ತು, ಅದು ಅವಳಿಗೆ ಇಷ್ಟವಾಗಲಿ ಬಿಡಲಿ. “ಇಲ್ಲ. ಅದೂ ಸಿ, ಇದೂ ಸಿ. ಅಣು ಒಂದೇ. ಕಾರ್ಖಾನೆಯದ್ದೋ ಬೇಲಿಯದ್ದೋ ಅಂತ ಮೈಗೆ ಗೊತ್ತಾಗಲ್ಲ. ಕಾಯಲ್ಲಿ ಬೇರೆ ಒಂದಷ್ಟು ಇರುತ್ತೆ, ನಾರು, ಬಣ್ಣ. ಆದ್ರೆ ಇಪ್ಪತ್ತು ಮಿಲಿಗ್ರಾಮಲ್ಲಿ ಅದ್ಯಾವುದೂ ಲೆಕ್ಕಕ್ಕಿಲ್ಲ.”

“ಕೆಟ್ಟದ್ದಲ್ಲ.” ಅವಳು ಗುಳಿಗೆಯನ್ನು ಬೆರಳಿನಿಂದ ಉರುಳಿಸಿದಳು. “ಪೊಟ್ಟಣದ ಸೂಪೂ ಕೆಟ್ಟದ್ದಾಗಿರಲಿಲ್ಲ. ಮಕ್ಕಳ ಹೊಟ್ಟೆ ತುಂಬಿಸ್ತು. ನಾನದನ್ನ ಕೆಟ್ಟದ್ದು ಅಂದಿರಲಿಲ್ಲ, ಪೊಟ್ಟಣದ್ದು ಅಂದಿದ್ದೆ. ಒಳ್ಳೇದೇ ಆದ್ರೆ ಅದರ ಹೆಸರು ಹೇಳೋಕೆ ಏನು ರೋಗ ಇವರಿಗೆ? ನನ್ನ ಹೆಸರು ಯಾಕೆ ಹೊದಿಸಬೇಕು?”

ನಾನು ಆ ಗುಳಿಗೆಯನ್ನು ಎತ್ತಿ ಬಾಟಲಿಗೆ ಹಾಕಿದೆ.

“ನಿನಗೆ ಯಾವಾಗಿಂದ ಗೊತ್ತು?”

“ಸೇರಿದ ವಾರದಿಂದ.”

“ಎರಡು ವರ್ಷ.” ಅವಳು ಎದ್ದು ಬಟ್ಟಲಿನ ಕಾಯಿಯನ್ನು ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದಳು. “ಎರಡು ವರ್ಷ ನನ್ನ ಮೇಜಿನ ಮೇಲೆ ಕಾಫಿ ಕುಡಿದೆ. ಆ ಜನ ನಿನ್ನೆ ನನಗೆ ಥ್ಯಾಂಕ್ಸ್ ಹೇಳಿದ್ರು ತೋರಾ. ನಾನು ಅದನ್ನ ತಗೊಂಡೆ! ಕಳ್ಳಮಾಲು ತಗೊಂಡ ಹಾಗೆ ತಗೊಂಡೆ. ಏಳು, ಮನೆಗೆ ಹೋಗು.”

ಅಲ್ವಾರ್ ಬಾಗಿಲವರೆಗೆ ಬಂದ. ಏನೋ ಹಾಸ್ಯ ಮಾಡುತ್ತಾನೆ ಎಂದುಕೊಂಡೆ. ಅವನು ಬಾಗಿಲು ಹಾಕಿಕೊಂಡ.

*

ಆ ಬುಧವಾರ ಅವಳು ಕಂಪನಿಗೇ ಬಂದಳು. ಬೆಳಗಿನ ಬಸ್ಸು ಹಿಡಿದು, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು. ತೂರೆ ನನ್ನನ್ನೂ ಒಳಗೆ ಕರೆದ. ಲೆಕ್ಕದ ಮಾತು ಬಂದರೆ ತನ್ನ ಪರ ಹೇಳಲು ನಾನಿರಲಿ ಎಂದು.

“ಕಾಫಿ ಕುಡೀತೀಯಾ ಯೋರ್ಡಿಸ್?”

“ಬೇಡ. ‘ಇಂದ’ ಅನ್ನೋದನ್ನ ತೆಗಿ, ನಾನು ಹೋಗ್ತೀನಿ.”

“ಏನು ತೆಗೀಬೇಕು?”

ಅವಳು ಬಾಟಲಿಯನ್ನು ಅವನ ಮುಂದೆ ಕುಕ್ಕಿದಳು. “ಗುಲಾಬಿಕಾಯಿ‘ಯಿಂದ’ ಸಿ ಅಂತ ಇದೆ. ಅದರಿಂದ ಬಂದಿಲ್ಲ. ‘ಕಾರ್ಖಾನೆಯ ಸಿ, ಯೋರ್ಡಿಸಳ ಕಾಯಿ ಒಂದು ಚಿಟಿಕೆ’ ಅಂತ ಬರಿ. ಇಲ್ಲ ನನ್ನ ಹೆಸರು ತೆಗಿ.”

ತೂರೆ ಕುರ್ಚಿಗೆ ಒರಗಿದ. “ನೋಡು, ಅಣು ಒಂದೇ. ತೋರಾನೇ ಹೇಳ್ಲಿ. ಒಂದೇ ಅಲ್ವಾ ತೋರಾ?”

“ಒಂದೇ” ಎಂದೆ.

“ಕೇಳಿದ್ಯಾ? ಯಾರಿಗೂ ನಷ್ಟ ಇಲ್ಲ. ಆದ್ರೆ ಕಾರ್ಖಾನೆ ಅನ್ನೋ ಪದ ಓದಿದ್ರೆ ಜನ ಬಾಟಲಿ ವಾಪಸ್ ಇಟ್ಟುಬಿಡ್ತಾರೆ.”

“ನನ್ನ ಹೆಸರು ಓದಿದ್ರೆ?”

“ತಗೊಳ್ತಾರೆ.”

“ಅಂದ್ರೆ ನೀನು ಮಾರ್ತಾ ಇರೋದು ಸಿ ಅಲ್ಲ, ನನ್ನನ್ನ.”

ತೂರೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಉದಾರವಾಗಿ ಏನೋ ಕೊಡುವವನಂತೆ ಕೈ ಬಿಚ್ಚಿದ. “ಆಯ್ತು. ‘ಇಂದ’ ತೆಗಿಸ್ತೀನಿ. ‘ಗುಲಾಬಿಕಾಯಿ ಸಹಿತ ಸಿ ವಿಟಮಿನ್’ ಅಂತ ಹಾಕಿಸ್ತೀನಿ. ವಕೀಲರೂ ಅದೇ ಹೇಳ್ತಿದ್ರು. ಸಹಿತ ಅಂದ್ರೆ ಸುಳ್ಳಲ್ಲ, ಕಾಯಿ ಇದೆ ತಾನೇ?”

“ಸಮುದ್ರದಲ್ಲಿ ಉಗುಳಿ ‘ಯೋರ್ಡಿಸ್ ಸಹಿತ ಸಮುದ್ರ’ ಅಂತೀಯಾ?”

ನನಗೆ ನಗು ಬಂತು, ತಡೆದುಕೊಂಡೆ. ತೂರೆಗೆ ಬರಲಿಲ್ಲ. ಯೋರ್ಡಿಸ್ ಕೋಟಿನ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. “ಇದರಲ್ಲಿ ಏನಿದೆ ಗೊತ್ತಾ? ಕಾಯಿಯ ರೋಮ. ನಾಲ್ಕನೇ ಕ್ಲಾಸಲ್ಲಿ ಪಾಪದ ಹುಡುಗೀರ ಕಾಲರಿಗೆ ಹಾಕಿ ಅಳಿಸ್ತಿದ್ದೆಯಲ್ಲ, ಆಗ ನಿನ್ನ ಕಿವಿ ಹಿಂಡಿದ್ದು ನಾನೇ.”

ಐವತ್ತು ವರ್ಷದ ತೂರೆಯ ಕೈ ತಾನಾಗಿಯೇ ಕಾಲರಿಗೆ ಹೋಯಿತು. ಅವನಿಗೆ ನಾಚಿಕೆಯಾಗಿರಬೇಕು, ಆಮೇಲೆ ಆಡಿದ ಮಾತಿಗೆ ಹರಿತ ಬಂತು.

“ಹೆಸರು ತೆಗೆಯಕ್ಕಾಗಲ್ಲ. ನೀನು ಸಹಿ ಹಾಕಿದ್ದೀಯ. ಇನ್ನೂ ಎರಡು ವರ್ಷ ಇದೆ.”

“ಹಾಗಾದ್ರೆ ನಿನಗೆ ಒಂದು ಕಾಯಿಯೂ ಕೊಡಲ್ಲ.”

“ಬೇಡ. ಬೇರೆ ಕಡೆಯಿಂದ ತರಿಸ್ತೀವಿ. ಪುಡಿ ಮಾಡಿದ ಮೇಲೆ ಯಾರ ಬೇಲಿ ಅಂತ ಯಾರಿಗೆ ಗೊತ್ತಾಗುತ್ತೆ?”

ಯೋರ್ಡಿಸ್ ಅವನನ್ನೇ ನೋಡಿದಳು. ಮೂರು ಸಲ ತಟ್ಟೆ ಚಾಚಿದ ಹುಡುಗ ಇವನ ಮುಖದಲ್ಲಿ ಎಲ್ಲಾದರೂ ಉಳಿದಿದ್ದಾನೆಯೇ ಎಂದು ಹುಡುಕುವ ಹಾಗೆ. ಆಮೇಲೆ ಬೆಂಕಿಪೊಟ್ಟಣವನ್ನು ಅಲ್ಲೇ ಬಿಟ್ಟು ಹೋದಳು. ತೂರೆ ಅದನ್ನು ಪೆನ್ಸಿಲಿನ ತುದಿಯಿಂದ ಕಸದ ಬುಟ್ಟಿಗೆ ತಳ್ಳಿದ.

ಒಂದು ತಿಂಗಳಲ್ಲಿ ಬಾಟಲಿಯ ಮೇಲೆ ಹೊಸ ಚೀಟಿ ಬಂತು. ‘ಯೋರ್ಡಿಸಳ ಗುಲಾಬಿಕಾಯಿ ಸಹಿತ ಸಿ ವಿಟಮಿನ್.’ ಹಳೆಯದನ್ನೂ ಹೊಸದನ್ನೂ ಅಪ್ಪನ ಮುಂದಿಟ್ಟು ಏನು ಬದಲಾಗಿದೆ ಎಂದು ಕೇಳಿದೆ. ಅವನು ಕನ್ನಡಕ ಹಾಕಿಕೊಂಡು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, “ಮುಚ್ಚಳದ ಬಣ್ಣವಾ?” ಎಂದ. ನಮ್ಮ ಭಾಷೆಯಲ್ಲಿ ‘ಇಂದ’, ‘ಸಹಿತ’ ಎರಡೂ ಪುಟ್ಟ ಪದಗಳು. ಓದುವವನ ಕಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ. ಅದು ತೂರೆಗೂ ಗೊತ್ತಿತ್ತು, ಅವನ ವಕೀಲನಿಗೂ ಗೊತ್ತಿತ್ತು. ಕಾಯಿ ಬಂದದ್ದು ಯಾವ ನಾಡಿನ ಯಾವ ಬೇಲಿಯಿಂದಲೋ. ಹೆಸರು ಮಾತ್ರ ಅವಳದೇ.

*

ಊರ ಅಂಗಡಿಯ ಅಸಾರ್ ಬಾಗಿಲ ಹತ್ತಿರ ಒಂದು ಹಲಗೆ ಇಟ್ಟಿದ್ದಾನೆ. ಶಾಲೆ ಮುಚ್ಚಿದಾಗ ಹರಾಜಿನಲ್ಲಿ ತಂದದ್ದು. ಊಟದ ಕೋಣೆಯ ಅದೇ ಹಲಗೆ. ಮೀನು ಯಾವತ್ತು ಬರುತ್ತದೆ, ಯಾರ ಬೆಕ್ಕು ಕಳೆದಿದೆ ಎಂದೆಲ್ಲ ಅದರ ಮೇಲೆ ಬರೆಯುತ್ತಾರೆ. ಯೋರ್ಡಿಸ್ ಅವನ ಹತ್ತಿರ ಹೋಗಿ ಹಲಗೆ ಕೇಳಿದಳು. ಬಾಟಲಿಯಲ್ಲಿ ಏನಿದೆ ಎಂದು ಬರೆಯಬೇಕು ಎಂದಳು.

“ಬರಿ, ಬೇಡ ಅನ್ನಲ್ಲ” ಎಂದ ಅಸಾರ್. “ಆದ್ರೆ ಸಂಖ್ಯೆ ಬರೆದ್ರೆ ಅಳೆದೋರ ಹೆಸರು ಬೇಕು. ಇಲ್ಲಾಂದ್ರೆ ಮುದುಕಿ ಮುನಿಸ್ಕೊಂಡು ಬರೆದಿದ್ದಾಳೆ ಅಂತಾರೆ. ನನ್ನ ಅಂಗಡಿ ಮೇಲೆ ಕೇಸು ಹಾಕ್ತಾರೆ.”

ಅವಳು ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ, ಕೋಟು ಬಿಚ್ಚಲಿಲ್ಲ.

“ನೀನು ಅಳೆದೋಳು. ಹೆಸರು ಹಾಕ್ತೀಯಾ?”

“ಕೆಲಸ ಹೋಗುತ್ತೆ ಯೋರ್ಡಿಸ್.”

“ಹೋಗುತ್ತೆ” ಎಂದಳು. ಹೋಗುವುದಿಲ್ಲ ಎಂದು ಸಮಾಧಾನ ಮಾಡಲಿಲ್ಲ. ಬೇರೆ ಕೆಲಸ ಸಿಗುತ್ತದೆ ಎಂದೂ ಹೇಳಲಿಲ್ಲ. “ಯೋಚನೆ ಮಾಡು” ಎಂದು ಹೇಳಿ ಹೊರಟಳು. ಮತ್ತೆ ಬರಲಿಲ್ಲ.

ನಾಲ್ಕು ದಿನ ನಾನು ಕೆಲಸಕ್ಕೆ ಹೋದೆ, ಬಂದೆ. ಅಪ್ಪನ ಮುಖ ನೋಡಿದಾಗಲೆಲ್ಲ ಬೇಲಿ ಹತ್ತಿರ ಅವನು ಜನರನ್ನು ನಿಲ್ಲಿಸುತ್ತಿದ್ದದ್ದು ನೆನಪಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಹಾಲು ತರಲು ಅಂಗಡಿಗೆ ಹೋದೆ. ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

‘ಈ ವಾರ ಬಾಟಲಿಯಲ್ಲಿ. ಕಾರ್ಖಾನೆಯ ಸಿ: . ಕಾಯಿಯ ಸಿ: . ಅಳೆದವರು: .’

ಮೂರು ಕಡೆಯೂ ಖಾಲಿ ಬಿಟ್ಟಿದ್ದಳು. ಸೀಮೆಸುಣ್ಣವನ್ನು ಹಲಗೆಯ ಅಂಚಿನ ಮೇಲೆ ಇಟ್ಟಿದ್ದಳು. ಆರನೇ ವಯಸ್ಸಿನಲ್ಲಿ ಇದೇ ಹಲಗೆಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ‘ಪೊಟ್ಟಣದ್ದು’ ಎಂದು ಓದಿ ನಾನು ಹಿಗ್ಗಿದ್ದೆ. ಅಸಾರ್ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ನೋಡುತ್ತಿದ್ದ.

“ಹಾಲು ಆಮೇಲೆ ತಗೊಳ್ತೀಯಾ?” ಎಂದ.

ನಾನು ಸಂಖ್ಯೆ ಬರೆದೆ. ಕಾರ್ಖಾನೆಯದು ನಾನೂರ ತೊಂಬತ್ತೊಂಬತ್ತು ಮುಕ್ಕಾಲು ಮಿಲಿಗ್ರಾಮಿಗಿಂತ ಹೆಚ್ಚು. ಕಾಯಿಯದು ಕಾಲು ಮಿಲಿಗ್ರಾಮಿಗಿಂತ ಕಡಿಮೆ. ಕೆಳಗೆ ನನ್ನ ಪೂರ್ತಿ ಹೆಸರು, ಪದವಿಯ ಜೊತೆಗೆ. ಆ ಪದವಿಯನ್ನು ಎಲ್ಲಾದರೂ ಬರೆಯುವುದಿದ್ದರೆ ಇಲ್ಲೇ ಬರೆಯಬೇಕು ಎನ್ನಿಸಿತು.

ಗುರುವಾರ ತೂರೆ ನನ್ನ ಬೀಗದ ಕೈ ವಾಪಸ್ ಕೇಳಿದ. “ನಿನ್ನ ಓದಿಗೆ ಇದೇನಾ ಮರ್ಯಾದೆ?” ಎಂದ. ಅಪ್ಪನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಕುರಿಯ ಗೊರಸು ಕತ್ತರಿಸಿ ಮುಗಿಸಿದ. ಆಮೇಲೆ, “ಯೋರ್ಡಿಸ್‌ಗೆ ಗೊತ್ತಾ?” ಎಂದು ಕೇಳಿದ. ಗೊತ್ತು ಎಂದೆ. “ಸರಿ ಹಾಗಾದ್ರೆ” ಎಂದ. ಬೇಲಿಯ ಹತ್ತಿರ ಜನರನ್ನು ನಿಲ್ಲಿಸುವುದನ್ನು ಮಾತ್ರ ಬಿಟ್ಟ. ಅದು ನನಗೆ ಇನ್ನೂ ನೋಯುತ್ತದೆ.

ಹಲಗೆಯ ಚಿತ್ರವನ್ನು ಯಾರೋ ಫೋನಿನಲ್ಲಿ ತೆಗೆದರು. ಅದು ವಿಸ್ಬಿಗೆ ಹೋಯಿತು, ಅಲ್ಲಿಂದ ಹಡಗು ಹತ್ತಿದವರ ಜೊತೆ ಆಚೆ ದಡಕ್ಕೂ ಹೋಯಿತು. ಬಾಟಲಿಗೆ ನಾಲ್ಕು ಕಾಯಿ ಎಂಬುದು ತಮಾಷೆಯ ಮಾತಾಯಿತು. ಯಾರಾದರೂ ಸೂಪಿಗೆ ಉಪ್ಪು ಕಡಿಮೆ ಹಾಕಿದರೆ, ಕೇಕಿಗೆ ಬೆಣ್ಣೆ ಕಡಿಮೆ ಹಾಕಿದರೆ, “ಏನು, ತೂರೆ ಅಳತೆಯಾ?” ಎನ್ನುತ್ತಿದ್ದರು. ಚರ್ಚಿನ ಕಾಫಿಯಲ್ಲಿ ಯೋರ್ಡಿಸ್ ಒಂದೊಂದು ಮೇಜಿಗೂ ತಾನೇ ಹೋಗಿ, “ಅವತ್ತಿನ ಥ್ಯಾಂಕ್ಸ್ ವಾಪಸ್ ತಗೋ. ಅದು ನಂದಲ್ಲ” ಎಂದು ಹೇಳಿಬಂದಳು. ಕೆಲವರು ನಕ್ಕರು. ಒಬ್ಬ ಹೆಂಗಸು ಅತ್ತಳು. ಅವಳ ಅಮ್ಮ ಬರೇ ಹೆಸರು ನೋಡಿ ತೆಗೆದುಕೊಂಡಿದ್ದವಳು.

ಏಳು ವಾರ ಕಳೆದ ಮೇಲೆ ಕಂಪನಿ ಹೆಸರು ತೆಗೆಯಿತು. ಒಪ್ಪಂದ ಮುಗಿದಿರಲಿಲ್ಲ, ಆದರೆ ಈಗ ಆ ಹೆಸರು ಓದಿದವರೇ ಬಾಟಲಿ ವಾಪಸ್ ಇಡುತ್ತಿದ್ದರು. ‘ದ್ವೀಪದ ಗುಲಾಬಿಕಾಯಿ ಸಹಿತ’ ಎಂದು ಹೊಸ ಚೀಟಿ. ಗೆದ್ದೆವು ಎಂದುಕೊಂಡು ನಾನು ಒಂದು ಬಾಟಲಿ ತಂದು ಯೋರ್ಡಿಸಳ ಮೇಜಿನ ಮೇಲಿಟ್ಟೆ. ಈ ಸಲ ನಿಜವಾಗಿಯೂ ಬನ್ನು ಇತ್ತು.

ಅವಳು ಬಾಟಲಿಯನ್ನು ತಿರುಗಿಸಿದಳು. ಹೆಸರಿರಲಿಲ್ಲ. ಕೈ ಇತ್ತು. ಅದೇ ಎರಡು ಕೈ, ಅದೇ ಮಡಿಲು. ಹೆಬ್ಬೆರಳಿನ ಗಾಯದ ಗುರುತು ಮಾತ್ರ ಮಾಯವಾಗಿತ್ತು. ಕಂಪ್ಯೂಟರಿನಲ್ಲಿ ಒರೆಸಿದ್ದರು.

ಯೋರ್ಡಿಸ್ ತನ್ನ ಎಡ ಹೆಬ್ಬೆರಳನ್ನು ಚಿತ್ರದ ಪಕ್ಕ ಹಿಡಿದಳು. ಅವಳ ಕುತ್ತಿಗೆ ಕೆಂಪಾಯಿತು.

“ಆ ಗಾಯ ಯಾರಿಗೆ ಬ್ರೆಡ್ ಕತ್ತರಿಸುವಾಗ ಆಯ್ತು ಗೊತ್ತಾ? ಅವನ ಕ್ಲಾಸಿಗೆ. ಎರಡು ದಿನ ರಜೆ ಕೂಡ ಹಾಕಲಿಲ್ಲ ನಾನು.”

“ಕೈಗೆ ಹೆಸರಿಲ್ಲವಲ್ಲ ಅಕ್ಕ” ಎಂದ ಅಲ್ವಾರ್. “ಯಾರ ಕೈ ಅಂತ ಕೋರ್ಟಲ್ಲಿ ಹೇಗೆ ತೋರಿಸ್ತೀಯ?”

“ಕೋರ್ಟಿಗೆ ಯಾರು ಹೋಗ್ತಾರೆ?” ಅವಳು ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡಳು. ಬನ್ನು ಬಿಸಿಯಾಗಿಯೇ ಉಳಿಯಿತು. ನಾನೂ ಅವಳ ಹಿಂದೆ ಅಂಗಡಿಗೆ ನಡೆದೆ. ಅವಳು ಹಲಗೆಯ ಮೇಲಿದ್ದ ಮೀನಿನ ದರ ಒರೆಸಿ, ನಿಧಾನವಾಗಿ, ಒಂದನೇ ತರಗತಿಯವರಿಗೂ ಓದಲು ಬರುವ ಹಾಗೆ ಬರೆದಳು:

‘ಈ ವಾರ ಬಾಟಲಿಯಲ್ಲಿ. ಸಿ: ಕಾರ್ಖಾನೆಯದು. ಕಾಯಿ: ಯಾರದೋ. ಕೈ: ನನ್ನದು, ಕೇಳದೆ ತೊಳೆದದ್ದು. ಯೋರ್ಡಿಸ್.’

ಅಸಾರ್ ಕಣ್ಣು ಕಿರಿದುಮಾಡಿ ಓದಿದ. “ಮೀನು ಎಲ್ಲಿ ಬರೀಲಿ ನಾನು?”

“ಬಾಗಿಲ ಮೇಲೆ ಬರಿ.”

“ಇದನ್ನ ಯಾವಾಗ ಒರೆಸ್ಲಿ?”

“ಕೈ ಹೋದ ದಿನ.”

ಎರಡು ವರ್ಷವಾಯಿತು. ಬಾಟಲಿ ಇನ್ನೂ ಬರುತ್ತಿದೆ, ಕೈ ಇನ್ನೂ ಅದರ ಮೇಲಿದೆ. ಹಿಮಕ್ಕೆ ಮೊದಲು ನಾನು, ಯೋರ್ಡಿಸ್, ಅಲ್ವಾರ್ ಮೂವರೂ ಬೇಲಿಗೆ ಹೋಗುತ್ತೇವೆ. ಒಣಗಿಸಿದ್ದನ್ನು ಕಾಗದದ ಚೀಲದಲ್ಲಿ ತುಂಬುತ್ತೇವೆ. ಮೇಲೆ ‘ಕಾಯಿ’ ಎಂದಷ್ಟೇ ಬರೆಯುತ್ತೇವೆ. ಸೋಮವಾರ ಬೆಳಿಗ್ಗೆ ಸೀಮೆಸುಣ್ಣ ಮಾಸಿದ್ದರೆ ಅವಳು ಅದೇ ಸಾಲನ್ನು ಮತ್ತೆ ತೀಡುತ್ತಾಳೆ. ಅಸಾರ್ ಮೀನಿನ ದರವನ್ನು ಬಾಗಿಲ ಮೇಲೆ ಬರೆಯುತ್ತಾನೆ.